ಬಾಚಣಿಕೆ ಲೆಕ್ಕ ಮಾಡಿ ಕೊಟ್ರು, ಮಾತ್ರೆ ಚೀಟಿ ಒಳಗೇ ಉಳೀತು

ಮಾನ್ಯ ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರಿಗೆ, ಕಾರಾಗೃಹ ಇಲಾಖೆ ಮತ್ತೆ ಆರೋಗ್ಯ ಇಲಾಖೆ ಸಾಹೇಬ್ರಿಗೆ, ಹಾಗೇ ನಮ್ಮ ಕರಾವಳಿ, ಘಟ್ಟದ ಮೇಲಿನ ಊರವರಿಗೆಲ್ಲಾ ನಮಸ್ಕಾರ.

ನಾನು ಕುಮಟಾ ತಾಲೂಕಿನವಳು, ಅಘನಾಶಿನಿ ಅಳಿವೆ ಹತ್ರದ ಊರು, ಮನೇಲೇ ಮಿಷನ್ ಇಟ್ಕೊಂಡು ಬ್ಲೌಸು, ಶಾಲೆ ಯೂನಿಫಾರ್ಮು ಹೊಲೀತೇನೆ. ಇಷ್ಟು ಉದ್ದ ಪತ್ರ ಜೀವನದಲ್ಲಿ ಬರೆದವಳಲ್ಲ. ನನ್ನ ತಮ್ಮ ಜೈಲಿಂದ ಬಂದು ಎರಡು ವರ್ಷ ಆಗ್ತಾ ಬಂತು, ಅವನ ಹತ್ರ ಕೇಳಿಯೇ ಇದನ್ನ ಬರೀತಾ ಇದ್ದೇನೆ, ಅವ ಹೇಳಿದ್ದು ಇಷ್ಟೇ, "ಹೆಸರು ಬ್ಯಾಡ ಅಕ್ಕ, ಉಳಿದದ್ದು ಎಂತ ಬೇಕಾರೂ ಬರಿ".

ಮೊದಲೇ ಒಂದು ಮಾತು ಹೇಳ್ಬಿಡ್ತೇನೆ. ಹೊಡೆದಾಟದ ಕೇಸು, ಅವ ಹೊಡೆದದ್ದು ಹೌದು. ಪೆಟ್ಟು ತಿಂದವರ ಮನೆ ನಮ್ಮ ಮನೆಯಿಂದ ಎರಡು ಕೇರಿ ಆಚೆ ಇದೆ, ಅವರ ಎಡಗೈ ಇವತ್ತಿಗೂ ಪೂರ್ತಿ ಎತ್ಲಿಕ್ಕೆ ಬರೋದಿಲ್ಲ, ಅವರು ನಮ್ಮ ಜೊತೆ ಮಾತಾಡೋದಿಲ್ಲ, ಮಾತಾಡಿ ಅಂತ ನಾವು ಕೇಳೂದೂ ಇಲ್ಲ. ಅವರ ಸಿಟ್ಟು ಅವರ ಹಕ್ಕು. ಕೋರ್ಟು ಶಿಕ್ಷೆ ಕೊಡ್ತು, ವಿಚಾರಣೆ ಟೈಮಲ್ಲಿ ಒಳಗಿದ್ದ ದಿನ ಎಲ್ಲಾ ಕಳೆದು ಉಳಿದದ್ದನ್ನ ತಮ್ಮ ಮುಗಿಸಿದ, ಒಟ್ಟು ಎರಡು ವರ್ಷ ನಾಕು ತಿಂಗಳು, ಎರಡು ಜೈಲು. ಹಾಗಾಗಿ ಇದು ಅವನ ಪರ ವಕಾಲತ್ತು ಅಲ್ಲ. ಶಿಕ್ಷೆ ಮುಗಿದ ಮೇಲೆ ಗೇಟಿನ ಹೊರಗೆ ಎಂತ ಆಗ್ತದೆ ಅನ್ನೋ ಬಗ್ಗೆ ಮಾತ್ರ ನಾನು ಹೇಳೋದು.

2024ರ ಜೂನ್ ಮೊದಲ ವಾರ, ಘಟ್ಟದ ಮೇಲಿನ ಒಂದು ಜೈಲು, ಬೆಳಿಗ್ಗೆ. ಹೆಸರು ಬರೆಯೋದಿಲ್ಲ, ಅಲ್ಲಿಯ ಯಾವ ಸಿಬ್ಬಂದಿ ಮೇಲೂ ನನಗೆ ದ್ವೇಷ ಇಲ್ಲ, ಒಬ್ಬರು ಹಿರಿಯ ವಾರ್ಡರಂತೂ ನಮ್ಮ ಆಯಿಗೆ, ಅಂದ್ರೆ ಅಮ್ಮನಿಗೆ, ಕುರ್ಚಿ ತಂದು ಕೊಟ್ಟು ಕೂರ್ಸಿದ್ರು. ತಮ್ಮ ಹೊರಗೆ ಬಂದ. ರಿಜಿಸ್ಟರಿಗೆ ಸಹಿ ಹಾಕ್ಸಿದ್ರು, ಆಮೇಲೆ ಅವ ಒಳಗೆ ಹೋಗ್ಬೇಕಾದ್ರೆ ಇಸ್ಕೊಂಡ ಸಾಮಾನು ಒಂದೊಂದೇ ಟೇಬಲ್ ಮೇಲೆ ಇಟ್ರು, ಒಂದು ಪರ್ಸು, ಚಾರ್ಜ್ ಸತ್ತ ಮೊಬೈಲು, ಒಂದು ಬೆಲ್ಟು, ಒಂದು ಬಾಚಣಿಕೆ, ಪರ್ಸಲ್ಲಿದ್ದ ನೂರಾ ನಲವತ್ತು ರೂಪಾಯಿ. ಒಳಗೆ ಕೆಲಸ ಮಾಡಿದ ಕೂಲಿ ದುಡ್ಡಿಗೆ ಬೇರೆ ಸಹಿ. ಹಲ್ಲು ಮುರಿದ ಬಾಚಣಿಕೆಗೂ ಒಂದು ಸಾಲು ಬರೆದಿತ್ತು ಆ ಪುಸ್ತಕದಲ್ಲಿ. ಅಷ್ಟು ಶಿಸ್ತು. ಆದ್ರೆ ಹದಿನಾಲ್ಕು ತಿಂಗಳಿಂದ ಅವ ದಿನಾ ರಾತ್ರಿ ತಗೊಳ್ತಾ ಇದ್ದ ಮಾತ್ರೆ ಬಗ್ಗೆ ಯಾರೂ ಎಂತದೂ ಹೇಳ್ಲಿಲ್ಲ, ಚೀಟಿ ಇಲ್ಲ, ಎರಡು ದಿನಕ್ಕಾದ್ರೂ ಮಾತ್ರೆ ಇಲ್ಲ. ಅವ ಮಾತ್ರೆ ತಗೊಳ್ತಾನೆ ಅಂತ ನಮಗೇ ಗೊತ್ತಿರ್ಲಿಲ್ಲ. ಮುಲಾಖಾತಿಗೆ ಆಯಿ ಬಂದಾಗ ಹೇಳಿದ್ರೆ ಹೆದರ್ತಾಳೆ ಅಂತ ಹೇಳಿರ್ಲಿಲ್ವಂತೆ.

ಬಿಡುಗಡೆ ದಿನ ಅವರಿಗೆ ತಿಂಗಳ ಮೊದಲೇ ಗೊತ್ತಿತ್ತು ಸಾರ್. ಲೆಕ್ಕ ಹಾಕಿ ತಾರೀಖು ಬರೆದಿಟ್ಟದ್ದು ಅವರೇ.

ಬಸ್ಸಲ್ಲಿ ಸೀಟ್ ಖಾಲಿ ಇದ್ರೂ ಅವ ನಿಂತೇ ಇದ್ದ, "ಕೂತ್ಕಳಾ" ಅಂತ ನಾನು ಹೇಳಿದ ಮೇಲೆ ಕೂತ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳೀಬೇಕಾದ್ರೆ ಮಳೆ ಹಿಡೀತು, ಕಿಟಕಿ ಶಟರ್ ಎಳೀಬೇಕು, ಅದಕ್ಕೂ ನನ್ನ ಮುಖ ನೋಡಿದ. ಮನೆಗೆ ಬಂದ್ವಿ, ಬಾಗಿಲು ಬರೀ ಮುಂದೆ ಮಾಡಿತ್ತು, ದೂಡಿದ್ರೆ ತೆಗೀತದೆ, ಇವ ಮೆಟ್ಟಿಲ ಮೇಲೆ ನಿಂತೇ ಇದ್ದಾನೆ, ನಾನು ಹಿಂದೆ ಚೀಲ ಹಿಡ್ಕೊಂಡು ನಿಂತಿದ್ದೆ, ಯಾಕೆ ಒಳಗೆ ಹೋಗ್ತಾ ಇಲ್ಲ ಅಂತ ನನಗೆ ಅರ್ಥ ಆಗ್ಲಿಲ್ಲ. ಎರಡು ವರ್ಷ ನಾಕು ತಿಂಗಳು ಅವ ಒಂದು ಬಾಗಿಲೂ ತನ್ನ ಕೈಯಾರೆ ತೆಗೆದಿರ್ಲಿಲ್ಲ ಅಂತ ನನಗೆ ಹೊಳೆದದ್ದು ರಾತ್ರಿ ಮಲಗಿದ ಮೇಲೆ. ಆಯಿ ಒಳಗಿಂದ "ಬಾರಾ ತಮಾ, ಎಂತಕ್ಕೆ ನಿಂತಿದ್ದೆ" ಅಂದ್ಮೇಲೆ ಒಳಗೆ ಕಾಲಿಟ್ಟ.

ಲೈಟ್ ಆಫ್ ಮಾಡಿದ್ರೆ ಅವಗೆ ನಿದ್ರೆ ಬರೂದಿಲ್ಲ, ಬ್ಯಾರಕ್ಕಿನಲ್ಲಿ ರಾತ್ರಿ ಇಡೀ ಲೈಟು. ಊಟ ಎರಡು ನಿಮಿಷದಲ್ಲಿ ಮುಗೀತಿತ್ತು, ಬಂಗಡೆ ಸಾರು ಅವನ ಜೀವ, ಮುಳ್ಳು ಬಿಡಿಸೂಕೂ ಪುರಸೊತ್ತಿಲ್ಲದ ಹಾಗೆ ತಿಂದ. ಕಕ್ಕಸಿಗೆ ಹೋಗೂಕೆ ಹೇಳಿ ಹೋಗ್ತಿದ್ದ. ಬೆಳಿಗ್ಗೆ ಐದೂವರೆಗೆ ಎದ್ದು ಹಾಸಿಗೆ ಸುತ್ತಿ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ್ಕೊಳ್ತಿದ್ದ, ಎಣಿಕೆಗೆ ಬರ್ತಾರೆ ಅನ್ನೋ ಹಾಗೆ. ನೋಡಿದವರು ನಗ್ತಿದ್ರು, ಕೆಲವರು ಪಾಪ ಅಂತಿದ್ರು. ನಾವು ಮನೆಯವರು, ನಾಕು ದಿನದಲ್ಲಿ ಸರಿಯಾಗ್ತದೆ ಅಂದ್ಕೊಂಡ್ವಿ.

ಮೂರನೇ ದಿನ ತಲೆ ತಿರುಗ್ತದೆ ಅಂದ, ತಲೆ ಒಳಗೆ ಕರೆಂಟ್ ಹೊಡೆದ ಹಾಗೆ ಆಗ್ತದೆ ಅಂದ, ಕೈ ನಡುಗ್ತಿತ್ತು, ಸಣ್ಣ ಮಾತಿಗೆ ಕೂಗಾಡೂದು, ಕೂಗಾಡಿ ಮತ್ತೆ ಅಳೂದು. ಖಿನ್ನತೆ ಮಾತ್ರೆ ತಿಂಗಳುಗಟ್ಟಲೆ ತಗೊಂಡು ಒಂದೇ ಸಲ ನಿಲ್ಲಿಸಿದ್ರೆ ಕೆಲವರಿಗೆ ಎರಡು ಮೂರು ದಿನದಲ್ಲೇ ಹೀಗೆ ಶುರು ಆಗ್ತದೆ ಅಂತ ಆಮೇಲೆ ಡಾಕ್ಟರು ಹೇಳಿದ್ರು, ನಿದ್ರೆ ಮಾತ್ರೆ ಜಾತಿಯದ್ದಾದ್ರೆ ಒಮ್ಮೆಲೇ ಬಿಟ್ರೆ ಫಿಟ್ಸ್ ಕೂಡ ಬರಬಹುದು ಅಂದ್ರು. ಇದೆಲ್ಲಾ ಆಗ ನಮಗೆ ಯಾರು ಹೇಳ್ಬೇಕು. ಆಯಿ ಇದು ಎಂತದ್ರ ಕಾಟ ಅಂತ ನೋಟ ಕೇಳ್ಲಿಕ್ಕೆ ಹೋದ್ಲು, ಅಂಗಾರ ತಂದು ಹಚ್ಚಿದ್ಲು. ಅದಕ್ಕೆ ನಾನು ಅವಳನ್ನ ದೂರೂದಿಲ್ಲ, ಅವಳಿಗೆ ಗೊತ್ತಿದ್ದ ಬಾಗಿಲು ಅದೊಂದೇ, ಅವಳು ಅದನ್ನ ತಟ್ಟಿದ್ಲು.

ಐದನೇ ದಿನ ಹಳೇ ದೋಸ್ತಿಗಳು ಬಂದ್ರು, ಪ್ರೀತಿಯಿಂದಲೇ ಬಂದ್ರು, ಬಾಟ್ಲಿ ತಂದ್ರು. ಎರಡು ವರ್ಷದ ಮೇಲೆ ಕುಡೀದೇ ಇದ್ದ ದೇಹ, ಮೊದಲಿನ ಅಳತೆ ತಡ್ಕೊಳ್ಳೋದಿಲ್ಲ ಅನ್ನೋದು ಕುಡಿಸಿದವರಿಗೂ ಗೊತ್ತಿಲ್ಲ, ಕುಡಿದವಗೂ ಗೊತ್ತಿಲ್ಲ.

ಆ ರಾತ್ರಿ ಆದದ್ದನ್ನ ನಾನು ವಿವರವಾಗಿ ಬರೆಯೋದಿಲ್ಲ, ಅಂಥದ್ದು ಬರೀಬಾರದು ಅಂತಾನೇ ನನಗೆ ಅನ್ಸೂದು. ಅವ ಜೀವ ಕಳ್ಕೊಳ್ಳೂಕೆ ಹೋಗಿದ್ದ, ನನಗೆ ಎಚ್ಚರ ಆಯ್ತು, ಉಳಿಸ್ಕೊಂಡ್ವಿ. ಅದರ ನಂತರದ್ದನ್ನ ಮಾತ್ರ ಬರೀಲೇಬೇಕು. ಆಸ್ಪತ್ರೆಗೆ ಕರ್ಕೊಂಡು ಹೋಗೂಕೆ ನಾವು ಎರಡು ತಾಸು ತಡ ಮಾಡಿದ್ವಿ. ಪಕ್ಕದ ಮನೆಯವ ಆಟೋ ಸ್ಟಾರ್ಟ್ ಮಾಡಿ ನಿಂತಿದ್ದ, ನಾವು ಅಂಗಳದಲ್ಲಿ ಚರ್ಚೆ ಮಾಡ್ತಿದ್ವಿ, ಆಸ್ಪತ್ರೆಗೆ ಹೋದ್ರೆ ಪೊಲೀಸರಿಗೆ ತಿಳಿಸ್ತಾರೆ, ಇನ್ನೊಂದು ಕೇಸ್ ಆಗ್ತದೆ, ಮತ್ತೆ ಜೈಲು. ಐದು ದಿನದ ಹಿಂದೆ ಬಂದವನನ್ನ ಮತ್ತೆ ಕಳಿಸೂದಾ ಅಂತ ಆಯಿ ಬಾಗಿಲಿಗೆ ಅಡ್ಡ ನಿಂತಿದ್ಲು. ಸಾರ್, ಆ ಎರಡು ತಾಸಲ್ಲಿ ಅವ ಹೋಗ್ಬಿಡ್ತಿದ್ದ. ನಮ್ಮ ಹೆದರಿಕೆಗೆ ಬುಡವೇ ಇರ್ಲಿಲ್ಲ ಅನ್ನೋದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 115ನೇ ಕಲಮು ಹೇಳ್ತದೆ, ಬೇರೆ ಅಂತ ಸಾಬೀತಾಗದಿದ್ರೆ ಜೀವ ಕಳ್ಕೊಳ್ಳೂಕೆ ಹೋದವ ತೀವ್ರ ಒತ್ತಡದಲ್ಲಿದ್ದ ಅಂತಲೇ ತಿಳೀಬೇಕು, ಅದಕ್ಕೆ ಶಿಕ್ಷೆ ಕೊಡೂಹಾಗಿಲ್ಲ, ಆರೈಕೆ ಕೊಡೂದು ಸರ್ಕಾರದ ಕೆಲಸ. 2024ರ ಜುಲೈ 1ಕ್ಕೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಂತೂ, ಜೀವ ಕಳ್ಕೊಳ್ಳೂಕೆ ಹೋದವರಿಗೆ ಶಿಕ್ಷೆ ಅಂತ ಹಳೇ ದಂಡ ಸಂಹಿತೆಯಲ್ಲಿದ್ದ 309ನೇ ಕಲಮೇ ಇಲ್ಲ, ಸರ್ಕಾರಿ ನೌಕರರನ್ನ ಒತ್ತಾಯ ಮಾಡೂಕೆ ಇಲ್ಲಾ ಅವರ ಕೆಲಸ ತಡೆಯೂಕೆ ಹಾಗೆ ಮಾಡಿದ್ರೆ ಮಾತ್ರ ಅಪರಾಧ. ಇದನ್ನ ಪ್ರತಿ ಪಂಚಾಯ್ತಿ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ, ಕೈಮುಗಿದು ಕೇಳ್ತೇನೆ. ನಮ್ಮ ಊರಲ್ಲಿ ಇವತ್ತಿಗೂ ಹತ್ತು ಜನರಲ್ಲಿ ಒಂಬತ್ತು ಜನ ಕೇಸ್ ಆಗ್ತದೆ ಅಂತಲೇ ತಿಳ್ಕೊಂಡಿದ್ದಾರೆ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಚಿಕ್ಕ ಪ್ರಾಯದವರು, ಒಳ್ಳೇ ಮನುಷ್ಯ, ಅವರು ಕೇಳಿದ್ದು ಒಂದೇ ಪ್ರಶ್ನೆ, "ಮೊದಲು ಯಾವ ಮಾತ್ರೆ ತಗೊಳ್ತಿದ್ದ?" ತಮ್ಮ ಕಣ್ಣು ಮುಚ್ಕೊಂಡೇ ಹೇಳಿದ, "ಒಂದು ಬಿಳಿ, ಒಂದು ಗುಲಾಬಿ ಅರ್ಧ".

ಬಿಳಿ ಒಂದು, ಗುಲಾಬಿ ಅರ್ಧ. ಹದಿನಾಲ್ಕು ತಿಂಗಳ ಟ್ರೀಟ್‌ಮೆಂಟಿನದ್ದು ನಮ್ಮ ಕೈಲಿದ್ದ ದಾಖಲೆ ಅಷ್ಟೇ. ಆ ಮಾತ್ರೆ ಹೆಸರು ಸಿಗೂಕೆ ನನಗೆ ಹನ್ನೊಂದು ದಿನ ಬೇಕಾಯ್ತು, ಫೋನ್ ಮಾಡಿದ್ರೆ ಆ ವಿಭಾಗ ಅಲ್ಲ ಈ ವಿಭಾಗ, ಅರ್ಜಿ ಬರ್ಕೊಡಿ, ಅವನೇ ಬರ್ಬೇಕು. ಕೊನೆಗೆ ನಾನೇ ಘಟ್ಟ ಹತ್ತಿ ಹೋಗಿ ಒಂದು ದಿನ ಇಡೀ ಕಾದು ಒಂದು ಜೆರಾಕ್ಸ್ ಹಾಳೆ ತಂದೆ. ತನ್ನ ಚಿಕಿತ್ಸೆ ದಾಖಲೆ ಕೇಳಿ ಪಡೆಯೋದು ರೋಗಿಯ ಹಕ್ಕು ಅಂತ ಅದೇ ಕಾಯ್ದೆ 25ನೇ ಕಲಮಲ್ಲಿ ಇದೆಯಂತೆ. ನನ್ನ ಮಗಳು ಕುಮಟಾದಲ್ಲಿ ಡಿಗ್ರಿ ಓದ್ತಾಳೆ, ಈ ಕಲಮು ಗಿಲಮು ಎಲ್ಲಾ ಅವಳೇ ಹುಡುಕಿ ಓದಿ ಹೇಳಿದ್ದು.

ಅವಳು ಓದಿ ಹೇಳಿದ್ರಲ್ಲಿ ನನ್ನ ಮನಸಿಗೆ ಬಹಳ ನಾಟಿದ್ದು 98ನೇ ಕಲಮು. ಮಾನಸಿಕ ಆರೋಗ್ಯ ಕೇಂದ್ರದಿಂದ ಒಬ್ಬ ರೋಗಿಯನ್ನ ಮನೆಗೆ ಕಳಿಸಬೇಕಾದ್ರೆ ಅವನನ್ನ ನೋಡ್ತಿದ್ದ ಮನೋವೈದ್ಯರು ಅವನ ಜೊತೆ, ಅವನ ಮನೆಯವರ ಜೊತೆ ಮಾತಾಡ್ಬೇಕು, ಮುಂದೆ ಔಷಧ ಎಲ್ಲಿ, ನೋಡೂದು ಯಾರು ಅಂತ ಒಂದು ಪ್ಲಾನ್ ಮಾಡಿ ಕಳಿಸಬೇಕು. ಅಂದ್ರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸಿನ ವಾರ್ಡಿಂದ ಮನೆಗೆ ಬರೂವವಗೆ ಪ್ಲಾನ್ ಆಗ್ಲೇಬೇಕು. ಅದೇ ಕಾಯಿಲೆಗೆ ಜೈಲೊಳಗೆ ಮಾತ್ರೆ ತಗೊಂಡು ಮನೆಗೆ ಬರೂವವಗೆ ಬಾಚಣಿಕೆ ಮಾತ್ರ. ಕಾಯಿಲೆ ಒಂದೇ ಅಲ್ವಾ ಸಾರ್, ಗೇಟ್ ಬೇರೆ ಅಷ್ಟೇ.

ಇದು ಹೊಸ ವಿಚಾರವೂ ಅಲ್ಲ. ಕೈದಿಗಳನ್ನ ಹೇಗೆ ನೋಡ್ಕೊಳ್ಳಬೇಕು ಅಂತ ವಿಶ್ವಸಂಸ್ಥೆಯವರು 1955ರಲ್ಲೇ ನಿಯಮ ಮಾಡಿದ್ರು, 2015ರಲ್ಲಿ ಅದನ್ನ ತಿದ್ದಿ ನೆಲ್ಸನ್ ಮಂಡೇಲಾ ಹೆಸರಿಟ್ರು. ಬೇಕಾದವರಿಗೆ ಬಿಡುಗಡೆ ಆದ ಮೇಲೂ ಮನೋರೋಗ ಚಿಕಿತ್ಸೆ ಮುಂದುವರಿಯೋ ಹಾಗೆ ವ್ಯವಸ್ಥೆ ಮಾಡ್ಬೇಕು ಅಂತ ಅದರ 110ನೇ ನಿಯಮ ಇದೆ, 1955ರದ್ದರಲ್ಲೂ ಇದೇ ಮಾತಿತ್ತು. ಆಗ ನಮ್ಮ ಆಯಿ ಹುಟ್ಟೇ ಇರ್ಲಿಲ್ಲ.

ಇದು ಯಾರೋ ಒಬ್ಬಿಬ್ಬರ ಕಥೆ ಅಂತ ತಿಳೀಬೇಡಿ. ಬೆಂಗಳೂರು ಪರಪ್ಪನ ಅಗ್ರಹಾರ ಜೈಲಲ್ಲಿ ನಿಮ್ಹಾನ್ಸಿನವರು 5,024 ಜನರನ್ನ ಮಾತಾಡಿಸಿ ಮಾಡಿದ ಅಧ್ಯಯನ 2011ರಲ್ಲಿ ಬಂದಿದೆ, ಸುಮಾರು ಶೇಕಡಾ 80 ಜನರಿಗೆ ಮಾನಸಿಕ ಕಾಯಿಲೆ ಇಲ್ಲಾ ನಶೆ, ತಂಬಾಕಿನ ತೊಂದರೆ ಇತ್ತು, ನಶೆಯದ್ದನ್ನ ಪೂರ್ತಿ ಬಿಟ್ಟು ಲೆಕ್ಕ ಹಾಕಿದ್ರೂ ಶೇಕಡಾ 27.6 ಜನರಿಗೆ ಕಾಯಿಲೆ ಇತ್ತು. ನಾಕರಲ್ಲಿ ಒಬ್ಬನಿಗಿಂತ ಹೆಚ್ಚು. ಅಷ್ಟು ಜನ ಒಂದಲ್ಲ ಒಂದು ದಿನ ಮನೆಗೆ ಬರೂವವರೇ, ಕೆಲವರು ಹಳಿಯಾಳಕ್ಕೆ, ಕೆಲವರು ಸಿದ್ದಾಪುರಕ್ಕೆ, ಕೆಲವರು ಭಟ್ಕಳಕ್ಕೆ. ಬಿಡುಗಡೆ ಆದ ಮೊದಲ ದಿನಗಳೇ ಎಷ್ಟು ಅಪಾಯ ಅನ್ನೋದಕ್ಕೆ ಮಗಳು ಅಮೆರಿಕದ್ದೊಂದು ತೋರಿಸಿದ್ಲು, 2007ರಲ್ಲಿ ಬಂದದ್ದು. ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಹೊರಗೆ ಬಂದ 30,237 ಜನರನ್ನ ಹಿಂಬಾಲಿಸಿ ನೋಡಿದ್ರಂತೆ, ಮೊದಲ ಎರಡು ವಾರದಲ್ಲಿ ಅವರು ಸಾಯೋ ಸಂಭವ ಅಲ್ಲಿಯ ಬೇರೆ ಜನರಿಗಿಂತ 12.7 ಪಟ್ಟು. ಅಲ್ಲಿ ದೊಡ್ಡ ಕಾರಣ ಡ್ರಗ್ಸು, ಒಳಗಿದ್ದಾಗ ದೇಹಕ್ಕೆ ತಪ್ಪಿದ ಅಭ್ಯಾಸ, ಹೊರಗೆ ಬಂದು ಹಳೇ ಡೋಸ್. ನಮ್ಮಲ್ಲಿ ಡ್ರಗ್ಸ್ ಬದಲು ಕ್ವಾರ್ಟರ್ ಬಾಟ್ಲಿ. ಎರಡು ವಾರ ಅಂತ ಓದಿದಾಗ ನಾನು ಕ್ಯಾಲೆಂಡರ್ ತೆಗೆದು ನೋಡಿದೆ, ನಮ್ಮದು ಐದನೇ ದಿನ.

ಆಮೇಲಿನದ್ದು ಕೇಳಿ. ಹೊಸ ಮಾತ್ರೆ ಶುರು ಆಯ್ತು, ಕಾರವಾರಕ್ಕೆ ಫಾಲೋಅಪ್ಪಿಗೆ ಬನ್ನಿ ಅಂದಿದ್ರು, ಜುಲೈ ಮೂರನೇ ವಾರ. ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರು ಗುಡ್ಡ ಕುಸೀತು. ಆ ದಿನ ಯಾರ್ಯಾರ ಮನೆಯಲ್ಲಿ ಎಂತ ಆಯ್ತು ಅನ್ನೋದು ನಮ್ಮ ಜಿಲ್ಲೆಯವರಿಗೆ ಹೇಳ್ಬೇಕಾದ್ದಿಲ್ಲ, ಅದರ ಮುಂದೆ ನಮ್ಮದು ಎಂತ ದೊಡ್ಡದಲ್ಲ. ಆದ್ರೆ ಹೈವೇ ಬಂದಾಯ್ತು, ಕುಮಟಾ ಬದಿಯವರಿಗೆ ಕಾರವಾರ ದೂರ ಆಗೋಯ್ತು, ಮನೇಲಿ ಮಾತ್ರೆ ಉಳಿದದ್ದು ನಾಕು. ನಾಕೇ ನಾಕು, ನಾನು ಮಿಷನ್ ಡ್ರಾಯರಲ್ಲಿ ಇಟ್ಕೊಂಡು ದಿನಾ ಎಣಿಸ್ತಿದ್ದೆ. ಆಗ ಯಾರೋ ಆಶಾ ಕಾರ್ಯಕರ್ತೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರ್ ಕೊಟ್ರು, 14416. ರಾತ್ರಿ ಹತ್ತೂವರೆಗೆ ಮಾಡಿದೆ, ಕನ್ನಡದಲ್ಲೇ ಮಾತಾಡಿದ್ರು, ಇಪ್ಪತ್ತು ನಿಮಿಷ. ತಮ್ಮನೂ ಮಾತಾಡಿದ, ನನಗೆ ಆಶ್ಚರ್ಯ ಅದೇ, ಮನೇಲಿ ಯಾರ ಹತ್ರವೂ ಮಾತಾಡದವ ಆ ಫೋನಿನವರ ಹತ್ರ ಗೋಡೆ ಕಡೆ ಮುಖ ಮಾಡ್ಕೊಂಡು ಮಾತಾಡಿದ. ಅವರು ಹೇಳಿದ್ರು, ಕಾರವಾರಕ್ಕೆ ಹೋಗೂಕೆ ಆಗದಿದ್ರೆ ನಿಮ್ಮ ತಾಲೂಕು ಆಸ್ಪತ್ರೆಲೇ ಕೇಳಿ, ಮನೋಚೈತನ್ಯ ಅಂತ ಯೋಜನೆ ಇದೆ, ಮಂಗಳವಾರ ಮನೋವೈದ್ಯರು ಬರ್ತಾರೆ. ಮಂಗಳವಾರ ಹೋದ್ವಿ. ಡಾಕ್ಟರು ಇದ್ರು. ಮಾತ್ರೆ ಪುಕ್ಕಟೆ ಸಿಕ್ತು.

ನಮ್ಮ ಮನೆಯಿಂದ ಬಸ್ಸಿಗೆ ಮುಕ್ಕಾಲು ತಾಸು. ಆಯಿಗೆ ನನಗೆ ಶಕ್ತಿ ಯೋಜನೆ, ಟಿಕೆಟ್ ಇಲ್ಲ. ಎಲ್ಲಾ ಇತ್ತು ಸಾರ್! ಡಾಕ್ಟರು ಇದ್ರು, ಮಾತ್ರೆ ಇತ್ತು, ಫೋನ್ ನಂಬರ್ ಇತ್ತು, ಬಸ್ ಇತ್ತು, ಜೂನ್ ಮೊದಲ ವಾರವೂ ಇತ್ತು, ನಮಗೆ ಹೇಳಿದವರು ಮಾತ್ರ ಇರ್ಲಿಲ್ಲ. ಹಾಗಾಗಿ ಹೊಸ ಕಟ್ಟಡ ಕಟ್ಟಿ, ಹೊಸ ಯೋಜನೆ ತನ್ನಿ ಅಂತ ನಾನು ಕೇಳೂದಿಲ್ಲ. ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅನ್ನೋ ಹೋರಾಟ ಬೇರೆ ಇದೆ, ಅದು ಆಗ್ಲೇಬೇಕು, ಮಣಿಪಾಲ ಹುಬ್ಬಳ್ಳಿ ಗೋವಾ ಅಂತ ಆಂಬುಲೆನ್ಸಲ್ಲಿ ಓಡೂದು ನಿಲ್ಲಬೇಕು. ಆದ್ರೆ ನಾನು ಕೇಳೂದಕ್ಕೆ ಅದಕ್ಕೆಲ್ಲಾ ಕಾಯ್ಬೇಕಾಗಿಲ್ಲ.

ನಾನು ಕೇಳೂದು ಗೇಟಿನ ಆ ಟೇಬಲ್ ಮೇಲೆ ಇನ್ನೊಂದು ಸಾಮಾನು ಇಡಿ ಅಂತ. ಬಾಚಣಿಕೆ ಪಕ್ಕ ಒಂದು ಮಾತ್ರೆ ಚೀಟಿ, ಅದರ ಜೊತೆ ಒಂದು ತಿಂಗಳ ಮಾತ್ರೆ. ಆ ಚೀಟಿಗೂ ಅದೇ ರಿಜಿಸ್ಟರಲ್ಲಿ ಒಂದು ಸಾಲು, ಅದಕ್ಕೂ ಸಹಿ. ಸಹಿ ಇಲ್ದಿದ್ರೆ ಬಾಚಣಿಕೆ ಹೊರಗೆ ಬರೂದಿಲ್ಲ ಅಂದ್ಮೇಲೆ ಚೀಟಿ ಕೊಡದೆ ಮನುಷ್ಯ ಹೇಗೆ ಹೊರಗೆ ಬರ್ತಾನೆ. ಮತ್ತೆ ಬಿಡುಗಡೆಗೆ ಒಂದು ವಾರ ಮೊದಲು ಜೈಲಿನ ಡಾಕ್ಟರ ಕಡೆಯಿಂದ ಅವನ ಊರಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಗೆ ಒಂದು ಫೋನು, ಇಂಥವ ಬರ್ತಾ ಇದ್ದಾನೆ, ಇಂಥ ಮಂಗಳವಾರ ನಿಮ್ಮಲ್ಲಿಗೆ ಬರ್ತಾನೆ ಅಂತ. ಬರದಿದ್ರೆ ಅವರು ಒಂದು ಫೋನ್ ಮಾಡ್ಲಿ. ಅವನ ಒಪ್ಪಿಗೆ ಕೇಳಿಯೇ ಮಾಡಿ, ಕಾಯಿಲೆ ವಿಷಯ ಊರಿಡೀ ಗೊತ್ತಾಗ್ಬಾರದು.

ಶಿಕ್ಷೆ ಮುಗಿದು ಬರೂವವರ ತಾರೀಖು ಗೊತ್ತಿರ್ತದೆ. ಜಾಮೀನಿನ ಮೇಲೆ ಬರೂವವರದ್ದು ಗೊತ್ತಿರೂದಿಲ್ಲ, ಅವರೇ ಹೆಚ್ಚು, 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಜನ ವಿಚಾರಣೆ ಮುಗಿಯದವರು. ಆರ್ಡರ್ ಸಂಜೆ ಬರ್ತದೆ, ಶ್ಯೂರಿಟಿ ಕಾಗದ ಮುಗೀಲಿಕ್ಕೆ ಕತ್ತಲಾಗ್ತದೆ, ಹೊರಗೆ ಬಂದ್ರೆ ಲಾಸ್ಟ್ ಬಸ್ ಹೋಗಿರ್ತದೆ. ಮುಲಾಖಾತ್ ಲೈನಲ್ಲಿ ನನಗೆ ಪರಿಚಯ ಆದ ಒಬ್ಬ ಅಮ್ಮ ಹೇಳ್ತಿದ್ರು, ಅವರ ಮಗ ಹಾಗೆ ರಾತ್ರಿ ಹೊರಗೆ ಬಂದು ಬಸ್‌ಸ್ಟ್ಯಾಂಡಲ್ಲೇ ಮಲಗಿ ಬೆಳಗು ಮಾಡಿದ್ನಂತೆ, ಯಾರಾದ್ರೂ ಹಿಡೀತಾರೆ ಅಂತ ನಿದ್ರೆ ಮಾಡದೆ. ಇಂಥವರಿಗೂ ಒಂದು ದಾರಿ ಇದೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಅಂಡರ್‌ಟ್ರಯಲ್ ರಿವ್ಯೂ ಕಮಿಟಿ ಅಂತ ಇದೆ, ಅದರಲ್ಲಿ ಜಿಲ್ಲಾಧಿಕಾರಿಗಳು ನೀವಿದ್ದೀರಿ, ಎಸ್‌ಪಿ ಸಾಹೇಬ್ರು ಇದ್ದಾರೆ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗಳು, ಜೈಲ್ ಸುಪರಿಂಟೆಂಡೆಂಟರು ಇದ್ದಾರೆ. ಯಾರ್ಯಾರು ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಈಗಾಗ್ಲೇ ಒಳಗೆ ಕಳೆದಿದ್ದಾರೆ, ಮೊದಲ ಸಲದ ಆರೋಪಿ ಆದ್ರೆ ಮೂರನೇ ಒಂದು ಭಾಗ ಕಳೆದಿದ್ದಾರೆ, ಹೊಸ ನಾಗರಿಕ ಸುರಕ್ಷಾ ಸಂಹಿತೆ 479ನೇ ಕಲಮಲ್ಲಿ ಬಿಡಬಹುದಾ ಅಂತ ನೀವೆಲ್ಲಾ ಕೂತು ಪಟ್ಟಿ ನೋಡ್ತೀರಿ. ಆ ಪಟ್ಟಿಯಲ್ಲಿ ಇನ್ನೊಂದು ಕಾಲಂ ಹಾಕಿ. ಮಾತ್ರೆ ತಗೊಳ್ತಾನಾ, ಹೌದು, ಇಲ್ಲ. ಹೌದು ಅಂತಿದ್ರೆ ಚೀಟಿ ಮೊದಲೇ ಬರೆದು ಅವನ ಫೈಲಲ್ಲಿ ಇಟ್ಟಿರಿ, ಆರ್ಡರ್ ಯಾವ ಹೊತ್ತಿಗೆ ಬಂದ್ರೂ ಕೈಗೆ ಸಿಗ್ಲಿ.

ಹೆಂಗಸರ ಬಗ್ಗೆ ಒಂದು ಮಾತು. ಎರಡು ವರ್ಷ ಆ ಗೇಟಿಗೆ ಹೋಗಿ ಬಂದೆ, ಗಂಡಸರನ್ನ ನೋಡೂಕೆ ಅಮ್ಮ, ಹೆಂಡತಿ, ತಂಗಿ ಲೈನಲ್ಲಿ ನಿಂತಿರ್ತಿದ್ರು, ಹೆಂಗಸು ಕೈದಿಯನ್ನ ನೋಡೂಕೆ ಬಂದ ಗಂಡನನ್ನ ನಾನು ಒಬ್ಬನನ್ನೂ ನೋಡ್ಲಿಲ್ಲ. ಆ ಹೆಂಗಸರ ಚೀಟಿ ತಗೊಳ್ಳೂಕೆ ಹೊರಗೆ ಯಾರಿರ್ತಾರೆ? ಅವರಿಗೆ ಫೋನ್ ಮಾಡಿ ಸುಮ್ನೆ ಆಗ್ಬೇಡಿ, ಗೇಟಿಂದ ಮನೆಯವರೆಗೆ, ಮನೆ ಸೇರಿಸದಿದ್ರೆ ಉಳಿಯೋ ಒಂದು ಜಾಗದವರೆಗೆ ಒಬ್ಬರು ಜೊತೆಗೆ ಹೋಗೂ ಹಾಗೆ ಮಾಡಿ.

ಪೊಲೀಸ್ ಇಲಾಖೆಯವರಿಗೂ ವಿನಂತಿ. ಹಬ್ಬ, ಎಲೆಕ್ಷನ್ ಬಂದಾಗ ನೀವು ವಿಚಾರಿಸ್ಬೇಕು, ಅದು ನಿಮ್ಮ ಡ್ಯೂಟಿ, ಒಪ್ತೇನೆ. ಆದ್ರೆ ಜೀಪ್ ಮನೆ ಮುಂದೆ ನಿಂತ ದಿನ ಅವನ ಮೂರು ತಿಂಗಳ ಸುಧಾರಣೆ ಹಿಂದಕ್ಕೆ ಹೋಗ್ತದೆ. ಆ ಶಬ್ದಕ್ಕೆ ಅವ ಹಿತ್ತಿಲಿಗೆ ಹೋಗಿ ತೆಂಗಿನ ಬುಡಕ್ಕೆ ಒರಗಿ ಕೂತದ್ದನ್ನ ನಾನು ನೋಡಿದ್ದೇನೆ, ಪ್ಯಾಂಟ್ ಒದ್ದೆಯಾಗಿತ್ತು. ಮೂವತ್ತೊಂದು ವರ್ಷದ ಗಂಡಸು, ಸಮುದ್ರದ ತೂಫಾನಿಗೆ ಹೆದರದವ. ಫೋನ್ ಮಾಡಿ ಕರೀರಿ, ನಾನೇ ಠಾಣೆಗೆ ಕರ್ಕೊಂಡು ಬರ್ತೇನೆ.

ಇನ್ನು ಊರವರಿಗೆ. ನಿಮ್ಮ ಮೇಲೆ ನನಗೆ ಬೇಜಾರೂ ಇದೆ, ಋಣವೂ ಇದೆ. ಅವ ಬಂದದ್ದು ಜೂನಲ್ಲಿ, ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್, ತದಡಿಯಲ್ಲಿ ಬೋಟೆಲ್ಲಾ ಕಟ್ಟಿ ಹಾಕಿರ್ತಾರೆ, ಕೆಲಸ ಇಲ್ಲದ ಎರಡು ತಿಂಗಳು. ಆಗಸ್ಟಿಗೆ ಬೋಟ್ ಇಳಿದಾಗಲೂ ಹಳೇ ಮಾಲೀಕರು ಕರೀಲಿಲ್ಲ. ಸಿಮ್ ಬಂದಾಗಿತ್ತು, ಬ್ಯಾಂಕ್ ಅಕೌಂಟ್ ಎರಡು ವರ್ಷ ವಹಿವಾಟಿಲ್ಲ ಅಂತ ನಿಂತಿತ್ತು, ಆ ಕಾಗದಗಳಿಗೆ ಓಡಾಡಿದ್ದು ಬೇರೆ. ಮಕ್ಕಳು ದಾರಿಯಲ್ಲಿ ಅವನನ್ನ ನೋಡಿ "ಜೈಲ್ ಮಾಮ" ಅಂದ್ರು, ಮಕ್ಕಳಿಗೆ ಅದನ್ನ ಕಲಿಸಿದವರು ದೊಡ್ಡವರೇ ಅಲ್ವಾ.

ಆದ್ರೆ ನಮ್ಮ ಕೇರಿಯಲ್ಲಿ ಒಬ್ಬ ಅಜ್ಜ ಇದ್ದಾನೆ, ಎಪ್ಪತ್ತು ದಾಟಿದೆ, ಈಗ ಸಮುದ್ರಕ್ಕೆ ಹೋಗೂದಿಲ್ಲ, ಚಾವಡಿಯಲ್ಲಿ ಕೂತು ಬಲೆ ರಿಪೇರಿ ಮಾಡ್ತಾನೆ. ಜುಲೈ ಕೊನೇಲಿ ಒಂದಿನ ಮನೆಗೆ ಬಂದು ನನ್ನ ತಮ್ಮಗೆ ಹೇಳಿದ, "ನನ್ನ ಕಣ್ಣು ಕಾಣ್ತಿಲ್ಲಾ, ಹರಕು ಎಲ್ಲದೆ ಹೇಳಿ ನೀ ತೋರ್ಸು, ಗಂಟು ನಾ ಹಾಕ್ತೆ". ಅಷ್ಟೇ. ಜೈಲು ಹೇಗಿತ್ತು ಕೇಳ್ಲಿಲ್ಲ, ಬುದ್ಧಿ ಹೇಳ್ಲಿಲ್ಲ. ಇವ ಹೋದ. ಮೊದಲ ದಿನ ಬಲೆ ಎಳೆದು ಎಳೆದು ತೋರಿಸಿದ, ಮಾತಿಲ್ಲ. ನಾಕೈದು ದಿನ ಆದ್ಮೇಲೆ ಅಜ್ಜ ಸೂಜಿಯನ್ನ ಇವನ ಕೈಗೆ ಕೊಟ್ಟು ಚಾ ಕುಡೀಲಿಕ್ಕೆ ಅಂತ ಎದ್ದು ಹೋದ, ಬಂದದ್ದು ಒಂದು ತಾಸು ಬಿಟ್ಟು. ನಾನು ಬ್ಲೌಸ್ ಕೊಡೂಕೆ ಆ ದಾರಿಯಲ್ಲಿ ಹೋಗ್ತಿದ್ದೆ, ನೋಡ್ತೇನೆ, ತಮ್ಮ ಬಲೆಯನ್ನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸ್ಕೊಂಡು ಗಂಟು ಹಾಕ್ತಾ ಇದ್ದಾನೆ, ಕೈ ನಡುಗ್ತಿಲ್ಲ. ನಾನು ಮಾತಾಡಿಸ್ದೆ ಬಂದೆ, ಮನೆಗೆ ಬಂದು ಅತ್ತೆ.

ಮಾತ್ರೆಯಿಂದ ಸರಿಯಾದ್ನಾ ಅಜ್ಜನಿಂದ ಸರಿಯಾದ್ನಾ ಅಂತ ಕೇಳೂವವರಿದ್ದಾರೆ, ಎರಡರಿಂದಲೂ, ಮಾತ್ರೆ ಇಲ್ದಿದ್ರೆ ಅವ ಅಜ್ಜನ ಚಾವಡಿ ತನಕ ನಡೆದು ಹೋಗ್ತಾನೇ ಇರ್ಲಿಲ್ಲ. ಪೂರ್ತಿ ಸರಿಯಾಗಿದ್ದಾನೆ ಅಂತಲೂ ನಾನು ಹೇಳೂದಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ವಾರ ಮತ್ತೆ ಹಾಸಿಗೆ ಬಿಟ್ಟೇಳ್ಲಿಲ್ಲ, 14416ಕ್ಕೆ ಅವನೇ ಫೋನ್ ಮಾಡಿದ. ರಾತ್ರಿ ಇವತ್ತಿಗೂ ಸಣ್ಣ ಬಲ್ಬ್ ಬೇಕು. ಸೆಪ್ಟೆಂಬರಿಂದ ಬೋಟಿಗೆ ಹೋಗ್ತಾ ಇದ್ದಾನೆ, ಬೇರೆ ಮಾಲೀಕರು, ಅವರಿಗೆ ಎಲ್ಲಾ ಗೊತ್ತಿದೆ, ಮಾತ್ರೆ ಡಬ್ಬಿ ಬೋಟಲ್ಲೂ ಒಂದು ಇಟ್ಟಿದ್ದಾರೆ. ಮನೆ ಬಾಗಿಲನ್ನ ಈಗ ಅವನೇ ದೂಡ್ಕೊಂಡು ಬರ್ತಾನೆ, ಕೆಲವೊಮ್ಮೆ ಜೋರಾಗಿ ದೂಡ್ತಾನೆ, ಆಯಿ ಬೈತಾಳೆ.

ಜಿಲ್ಲಾಧಿಕಾರಿಗಳೇ, ಆ ಚೀಟಿ ಹೇಗಿರ್ಬೇಕು ಅಂತ ನಾನು ಮತ್ತೆ ಮಗಳು ಕೂತು ಒಂದು ಹಾಳೆ ಮೇಲೆ ಬರೆದಿದ್ದೇವೆ. ಐದೇ ಸಾಲು. ಹೆಸರು. ಮಾತ್ರೆ ಯಾವುದು, ಎಷ್ಟು, ಯಾವ ಹೊತ್ತಿಗೆ. ಎಷ್ಟು ದಿನಕ್ಕೆ ಕೊಟ್ಟಿದೆ, ಒಮ್ಮೆಲೇ ಬಿಡಬಾರದು. ಮುಂದೆ ಯಾವ ಆಸ್ಪತ್ರೆ, ಯಾವ ಮಂಗಳವಾರ. ಅಡ್ಡಿ ಆದ್ರೆ 14416. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ನಮ್ಮ ಆಯಿಗೆ ಓದೂಕೆ ಬರೂ ಹಾಗೆ. ಡಾಕ್ಟರು ನೋಡಿ ತಿದ್ಲಿ, ನಮ್ಮದೇ ಆಗ್ಬೇಕು ಅಂತಿಲ್ಲ. ನೀವು ಯಾವ ದಿನ ಕರೀತೀರೋ ಆ ದಿನ ಕಾರವಾರದ ನಿ‌ಮ್ಮ ಆಫೀಸಿಗೆ ಆ ಹಾಳೆ ಹಿಡ್ಕೊಂಡು ಬರ್ತೇನೆ, ಮಂಗಳವಾರ ಒಂದು ಬಿಟ್ಟು, ಅವತ್ತು ನಮಗೆ ಕುಮಟಾ ಆಸ್ಪತ್ರೆ ಇರ್ತದೆ.

ಇಂತಿ,
ಒಬ್ಬಳು ಅಕ್ಕ
ಕುಮಟಾ ತಾಲೂಕು, ಉತ್ತರ ಕನ್ನಡ